ಒಂದೂವರೆ ಟನ್ನು

ಜತ್ತಿನ ಪತಸಂಸ್ಥೆಯ ಕಚೇರಿ. ಮೇ ತಿಂಗಳು, ಮಧ್ಯಾಹ್ನ ಎರಡೂವರೆ.
ಟೇಪಿನ ಆ ತುದಿ ಹಿಡಿದು ರಾಜೇಸಾಬ ಗೋಡೆಗಂಟಿ ನಿಂತ;
ಈ ತುದಿ ನನ್ನ ಬೂಟಿನಡಿ.
ಉದ್ದ ಇಪ್ಪತ್ನಾಲ್ಕು, ಅಗಲ ಹದಿನಾರು.
ತಲೆಯ ಮೇಲೆ ತಗಡು. ಪಡುವಣಕ್ಕೆ ಎರಡು ಕಿಟಕಿ,
ಒಂದರ ಗಾಜಿಗೆ ಹಳೆಯ ಕ್ಯಾಲೆಂಡರು,
ಅದರೊಳಗಿನ ದೇವರಲ್ಲಿ ನೀಲಿಯೊಂದೇ ಉಳಿದಿದೆ.

ಸೆಕೆ ಅಳೆಯುವುದೆಂದರೆ ಹಾಜರಿ ಹಾಕಿದಂತೆ:
ಕಂಪ್ಯೂಟರು ಮೂರು. ಪ್ರಿಂಟರು ಒಂದು, ಕೆಮ್ಮುತ್ತದೆ.
ಕೂತ ಮನುಷ್ಯನಿಗೆ ನೂರು ವ್ಯಾಟು,
ಹಳೆಯ ಗುಂಡು ಬಲ್ಬಿನಷ್ಟು;
ನಿಂತು ಜಗಳಾಡುವವನಿಗೆ ಇನ್ನೊಂದಿಷ್ಟು.
ಬೆಂಚಿನ ಮೇಲೆ ಹನ್ನೊಂದು ಬಲ್ಬು
ಪಾಸ್‌ಬುಕ್ಕಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದವು.
ಎಮ್ಮೆ ಸಾಲದ ಕಂತು ಕಟ್ಟಲು ಬಂದ ಮಹಾದೇವಿ ಹತ್ತೂರೆಯ
ಮಡಿಲಲ್ಲಿ ಮಗು ಮಲಗಿತ್ತು.
ಮಗುವಿಗೆ ಎಷ್ಟೆಂದು ನನ್ನ ಕೋಷ್ಟಕದಲ್ಲಿಲ್ಲ.
ನಲವತ್ತು ಹಾಕಿದೆ.

ಕೂಡಿಸಿದರೆ ನಾಲ್ಕು ಟನ್ನು.
ಮ್ಯಾನೇಜರ್ ಘಾಟಗೆ ಮರಾಠಿಯ ಠರಾವು ತೆಗೆದು
ಕನ್ನಡದಲ್ಲಿ ಓದಿದರು:
"ಮಂಜೂರಾಗಿದ್ದು ಒಂದೂವರೆ. ಏನರೆ ಮಾಡ್ರಿ."

ತಗಡು ತೆಗೆಯಲಾಗದು. ಸೂರ್ಯನದು ಕಾಯಂ ನೌಕರಿ.
ಉಳಿದದ್ದು ಬೆಂಚು.
ನಡುವೆ ಗಾಜಿನ ತಡಿಕೆ ಕಟ್ಟಿ
ಬಲ್ಬುಗಳನ್ನು ವರಾಂಡಕ್ಕೆ ಕಳಿಸಿದರೆ
ಲೆಕ್ಕ ಕೂಡುತ್ತದೆ. ಕೂಡಿಸಿ ತೋರಿಸಿದೆ.
ಸಾಹೇಬರು ಚಹಾ ತರಿಸಿದರು.

ಅರ್ಧ ಕಪ್ಪಿಗೆ ಹೊಳೆಯಿತು:
ಹೊರಗಿನ ಡಬ್ಬಿ ಎಲ್ಲಿ ಕೂರಬೇಕು?
ಯಂತ್ರ ಸೆಕೆಯನ್ನು ಕೊಲ್ಲುವುದಿಲ್ಲ,
ಹೊತ್ತು ಆಚೆ ಸುರಿಯುತ್ತದೆ, ತನ್ನದೂ ಸ್ವಲ್ಪ ಸೇರಿಸಿ.
ಪೈಪು ಹತ್ತಡಿಯಾದರೆ ಅದು ಊದುವುದು
ನೇರ ವರಾಂಡಕ್ಕೆ,
ಹನ್ನೊಂದು ಜನರ ಮೊಣಕಾಲಿಗೆ,
ನಲವತ್ತು ವ್ಯಾಟಿನ ಆ ನಿದ್ದೆಗೆ.

ರಾಜೇಸಾಬ ಏನೂ ಕೇಳಲಿಲ್ಲ. ಟೇಪು ಕಚ್ಚಿಕೊಂಡು ಏಣಿ ಹತ್ತಿದ,
ಹಿಂದಿನ ಬಡಗಣ ಗೋಡೆಯ ತುದಿಯಿಂದ ಕೂಗಿದ: "ಇಪ್ಪತ್ತೆಂಟು!"
ತಾಮ್ರದ ದರ ಗೊತ್ತಿದ್ದೂ ಇಪ್ಪತ್ತೆಂಟೇ ಬರೆದೆ.
ಕಾರಣದ ಕಾಲಮಿನಲ್ಲಿ: ಯಂತ್ರದ ಆಯುಷ್ಯಕ್ಕಾಗಿ.
ಘಾಟಗೆ ಓದಿದರು, ನನ್ನನ್ನು ನೋಡಿದರು, ಸಹಿ ಹಾಕಿದರು.

ಅಷ್ಟು ಹೊತ್ತೂ ನಮ್ಮ ಬೂಟಿನ ಮಣ್ಣು ನೋಡುತ್ತ
ಕಸಬರಿಗೆ ಹಿಡಿದು ನಿಂತಿದ್ದ ಗೌರಾಬಾಯಿ ಕಾಂಬಳೆ
ಬಾಗಿಲಲ್ಲಿ ತಡೆದಳು:
"ಡಿಸೆಂಬರದಾಗ ಮುಂಜಾನೆ ಆರಕ್ಕ ಬರತೀನ್ರಿ ನಾ.
ಬರಿಗಾಲಿಗೆ ಈ ಫರಸಿ ಕಡೀತದ.
ಹೊರಗ ಒಗಿಯೂ ಆ ಬಿಸಿ ಗಾಳಿ
ಅಲ್ಲೀ ಮಟಾ ಎತ್ತಿ ಇಡಾಕ ಬರಾಂಗಿಲ್ಲೇನು?"

ನಾನು ಟೇಪು ಸುತ್ತತೊಡಗಿದೆ.
ಬಿಸಿಲಲ್ಲಿ ಬಿದ್ದಿದ್ದ ಕೊನೆಯ ಹತ್ತಡಿ
ಬೆರಳಿಗೆ ಚುರುಕ್ಕೆಂದಿತು.