ಅಕ್ಕಚ್ಚು

ಹೋರಿ ನಿಮ್ಮದೋ ಅಲ್ಲವೋ,
ಒಂದೇ ಮಾತಲ್ಲಿ ಹೇಳಿ ಎಂದರು.
ಅಂಕೋಲೆ ಕೋರ್ಟಿನ ಫ್ಯಾನು ಕೂಡ
ನನ್ನ ಉತ್ತರಕ್ಕೆಂದು ನಿಧಾನಿಸಿದಂತಿತ್ತು.

ಬೇಲೇಕೇರಿ ಕ್ರಾಸಿನ ಹತ್ತಿರ ನಾಲ್ಕು ಗುಂಟೆ ಇತ್ತು ನನ್ನದು.
ಒಂದೂವರೆಯನ್ನು ಹೆದ್ದಾರಿ ತಿಂದು, ಕಲ್ಲು ನೆಟ್ಟು ಹೋಯಿತು.
ಆ ಕಲ್ಲಿಗೆ ಬೆನ್ನು ತಾಗಿಸಿದ ಗೇರುಮರದ ಬುಡಕ್ಕೆ
ಎಲ್ಲಿಂದಲೋ ಬಂದು ಮಲಗುತ್ತಿತ್ತು.
ಕಿವಿಯಲ್ಲಿ ಬಿಲ್ಲೆಯಿಲ್ಲ, ಮೂಗಿಗೆ ದಾರವಿಲ್ಲ.
ಬೋಳ ಅನ್ನುತ್ತಿದ್ದೆ, ಹೌದು.
ಕೋಡಿಲ್ಲದ್ದನ್ನು ಬೋಳ ಅಂದರೆ ಹೆಸರಿಟ್ಟಂತೆಯೇ?
ಕಂಡದ್ದನ್ನು ಅಂದೆ.

ಸಂಜೆಗೊಮ್ಮೆ ಅಕ್ಕಚ್ಚು ಇಡುತ್ತಿದ್ದೆ:
ಅಕ್ಕಿ ತೊಳೆದ ನೀರು, ಹಂಗಾಮಿನಲ್ಲಿ ಈಶಾಡ ಮಾವಿನ ಸಿಪ್ಪೆ,
ಹೇಗೂ ಚೆಲ್ಲುವಂಥದ್ದು.
‘ನಿತ್ಯ ಆಹಾರ ಒದಗಿಸುತ್ತಿದ್ದರು’ ಎಂದು ಬರೆದುಕೊಂಡರು.
ಚೆಲ್ಲುವ ನೀರು ಕಾಗದದ ಮೇಲೆ
ಎಷ್ಟು ಬೇಗ ಗಟ್ಟಿಯಾಗುತ್ತದೆ!

ಒಂದು ನಸುಕಿನಲ್ಲಿ ಅದು ಎದ್ದು ರಸ್ತೆಗೆ ನಡೆಯಿತು.
ಬಂದರಿಗೆ ಹೊರಟಿದ್ದ ಗಣಪು ಆಗೇರನ ಬೈಕು.
ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿತ್ತು.
ಹೋರಿಗೆ ಪಕ್ಕೆ ತರಚಿತ್ತು, ಅಷ್ಟೆ.
ಆಸ್ಪತ್ರೆಗೆ ಬೇಯಿಸಿದ ಮೊಟ್ಟೆ ಒಯ್ದಿದ್ದೆ.
ತಪ್ಪಿಲ್ಲದವರು ಮೊಟ್ಟೆ ಒಯ್ಯುತ್ತಾರೆಯೇ
ಎಂದರು ಆ ಕಡೆಯ ವಕೀಲರು.
ಗಣಪುವಿನ ತಾಯಿ ನನ್ನತ್ತ ನೋಡಲಿಲ್ಲ.
ಮೂರು ತಿಂಗಳು ಅವನಿಗೆ ಬೋಟಿಲ್ಲ,
ನೋಡಿ ಏನು ಮಾಡಬೇಕು.

ನಮ್ಮ ವಕೀಲರದು ಬೇರೆಯೇ ಲೆಕ್ಕ.
ತಲೆ ಸರ್ವೆ ನಂಬರು ನೂರಾ ಹದಿನಾಲ್ಕರಲ್ಲಿ,
ಹಿಂಗಾಲು ಹೆದ್ದಾರಿಯ ಜಾಗದಲ್ಲಿ.
ದನ ಏಳುವುದು ಹಿಂಗಾಲು ಮೊದಲು, ಸ್ವಾಮಿ,
ಹಾಗಾಗಿ ಎದ್ದದ್ದು ಸರ್ಕಾರದ ನೆಲದಿಂದ!
ಜಡ್ಜಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.
ನೀವು ಸಾಕಿದ್ದಾ? ನನ್ನನ್ನೇ ಕೇಳಿದರು.

ಸಾಕು ಅನ್ನುವುದಕ್ಕೆ ಎರಡು ಅರ್ಥ.
ಒಂದು, ಹೊಟ್ಟೆಗೆ ಹಾಕುವುದು.
ಇನ್ನೊಂದು, ಎಲೆಗೆ ಕೈ ಅಡ್ಡ ಹಿಡಿಯುವುದು.
ಎರಡನೆಯದನ್ನು ಅದು ಎಂದೂ ಹೇಳಿರಲಿಲ್ಲ,
ನಾನೂ.
ಇದನ್ನೆಲ್ಲ ಹೇಳಲಿಲ್ಲ. ಅಲ್ಲ, ಅಂದೆ.
ತಾರೀಕು ಮುಂದಕ್ಕೆ ಹೋಯಿತು.

ಬಸ್ಸಿಳಿದಾಗ ಮರದ ಬುಡದಲ್ಲಿ ಕಾಯುತ್ತಿತ್ತು.
ಬಕೆಟ್ಟು ತಂದು, ಕಲ್ಲು ದಾಟಿ,
ಹೆದ್ದಾರಿಯವರ ಜಾಗದಲ್ಲಿ ಇಟ್ಟೆ.
ಬಾ, ಇಲ್ಲಿ ನೀನು ಯಾರದ್ದೂ ಅಲ್ಲ.
ಲಾರಿಯೊಂದು ದಾಟಿತು, ಅಕ್ಕಚ್ಚಿನ ಮೇಲೆ ಕೆಂಪು ಧೂಳು.
ಅದರ ಹಿಂದೆಯೇ ಒಂದು ಬೈಕು.
ದೀಪ ಹೋರಿಯ ಕಣ್ಣಲ್ಲಿ ಹೊತ್ತಿ ಆರಿತು.

ಬಕೆಟ್ಟು ಎತ್ತಿಕೊಂಡು ಮರಳಿದೆ,
ಕಲ್ಲಿನಿಂದ ಈಚೆ, ಮರದಿಂದಲೂ ಈಚೆ, ಬಾವಿಕಟ್ಟೆಯವರೆಗೆ.
ಮೂತಿ ಚಾಚಿ ಹಿಂದೆಯೇ ಬಂತು.
ಅದು ಕುಡಿಯುತ್ತಿದ್ದಾಗ
ಬಾವಿಯ ಹಗ್ಗ ಬಿಚ್ಚಿದೆ.