ಎರ್ಮೆಲಿಂದಾ ಬಾಯಿಯ ಹಳದಿ

ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದಳು ಚೂರುಗಳನ್ನು,
ಹಲ್ಲು ಬಿದ್ದ ಮಗು ಹಲ್ಲನ್ನೇ ತಂದು ತೋರಿಸುವ ಹಾಗೆ.
ಹೊಸ ಫ್ರಿಜ್ ಒಳಗೆ ಎಳೆವಾಗ ಒಡೆಯಿತಂತೆ,
ಪಡಸಾಲೆಯ ಕಟ್ಟೆಗೆ ಕೂರಿಸಿದ್ದ
ಹನ್ನೆರಡು ಬಿಲ್ಲೆಗಳಲ್ಲೊಂದು.
"ಒಂದೇ ಸಾಕು," ಅಂದಳು ಕೊಂಕಣಿಯಲ್ಲಿ.
ನನ್ನ ಖಾನಾಪುರದ ಮುರುಕು ಕೊಂಕಣಿಯಲ್ಲಿ ಆಯ್ತೆಂದೆ.
ಒಂದೆಂಬುದು ಎಷ್ಟು ಕಷ್ಟವೆಂದು
ಇಬ್ಬರಿಗೂ ಗೊತ್ತಿರಲಿಲ್ಲ.

ಡಿಚೋಲಿಯ ಈ ಶೆಡ್ಡಿಗೆ ಬಣ್ಣ ಬರುವುದು ಪೊಟ್ಟಣದಲ್ಲಿ.
ಪುಣೆಯ ಅಂಗಡಿಯವನ ಚೀಟಿ: ಸ್ಟೇನ್, ಹಳದಿ, ಅರ್ಧ ಕಿಲೋ.
ಒಳಗಿರುವುದು ಪ್ರೇಸಿಯೋಡಿಮಿಯಂ,
ನಾಲಿಗೆಗೆ ಕೂರಲು ವಾರ ಹಿಡಿದ ಹೆಸರು,
ಈಗ ಸೊಸೆಯ ಹೆಸರಿನಷ್ಟೇ ಸಲೀಸು.
ಸ್ಟೇನ್ ಅಂದರೇನೋ ಎಂದು ಮಗನಿಗೆ ಫೋನು ಹಚ್ಚಿದೆ.
ಕಲೆ, ಅಂದ.
ನಕ್ಕೆ. ಸೀರೆಗೆ ಅಂಟಿದ್ದೂ ಕಲೆ, ಕೈಗೆ ಹತ್ತಿದ್ದೂ ಕಲೆ;
ನನ್ನ ಭಾಷೆ ಇವೆರಡನ್ನು
ಬೇರೆ ಬೇರೆ ಒಗೆಯುವುದಿಲ್ಲ.

ಆವಿಗೆ ಬಾಯಿ ತೆರೆಯುವ ತನಕ
ಬಣ್ಣದ ಮಾತಾಡಬೇಡ ಅನ್ನುತ್ತಿದ್ದ ಅಪ್ಪ.
ಕೆಂಪಗೆ ಹೋದದ್ದು ಕರ್ರಗೆ ಬರುತ್ತಿತ್ತು, ಹೊಗೆಯ ಮರ್ಜಿ.
ಇದು ಹಾಗಲ್ಲ. ಕಾರ್ಖಾನೆಯಲ್ಲಿ
ಆಗಲೇ ಒಮ್ಮೆ ಸುಟ್ಟುಕೊಂಡು ಬಂದದ್ದು;
ಸಾವಿರದಿನ್ನೂರು ಡಿಗ್ರಿಗೂ ಅಂಜದೆ
ಹಳದಿಯಾಗಿ ಒಳಹೋಗಿ ಹಳದಿಯಾಗಿ ಹೊರಬರುತ್ತದೆ.
ಇಂಥ ಪ್ರಾಮಾಣಿಕರ ಜೊತೆ
ಕೆಲಸ ಮಾಡಿ ನನಗೆ ರೂಢಿಯಿರಲಿಲ್ಲ.

ಫೆಲ್ಡ್‌ಸ್ಪಾರ್, ಸಿಲಿಕಾ, ಸೀಮೆಸುಣ್ಣದ ಪುಡಿ, ಬಿಳಿ ಜೇಡಿ.
ಕಣ್ಣಳತೆಯ ಕೈಗೆ ತಕ್ಕಡಿ ಕಲಿಸಿದೆ.
ನೂರಕ್ಕೆ ನಾಲ್ಕು: ಹಾಲಿಗೆ ಬಿದ್ದ ಒಂದೆಳೆ ಕೇಸರಿ.
ಎಂಟು: ಶಾಲೆಯ ಬಸ್ಸು.
ಹತ್ತು: ಕಣ್ಣಿಗೆ ಚುಚ್ಚುತ್ತದೆ, ಮದುವೆ ಮಂಟಪಕ್ಕಾದೀತು.
ಆರು: ಹತ್ತಿರ. ಆದರೆ ಹತ್ತಿರ ಎನ್ನುವುದು ಅದೇ ಅಲ್ಲವಲ್ಲ.
ಜಿರ್ಕಾನ್ ಹೆಚ್ಚಿಸಿದೆ, ಮೊಸರಾಯಿತು.
ನೂರನೇ ನಂಬರಿನ ಜರಡಿಯಲ್ಲಿ ಎರಡು ಸಲ ಸೋಸಿದೆ,
ಬಕೆಟ್ಟಿನ ತಳದಲ್ಲಿ ಮುನಿಸಿಕೊಂಡು ಕಲ್ಲಾದದ್ದನ್ನು
ಚಿಟಿಕೆ ಎಪ್ಸಮ್ ಉಪ್ಪು ಕೊಟ್ಟು ಎಬ್ಬಿಸಿದೆ.
ಬೆನ್ನಿಗೆ ನಂಬರು ಬರೆಸಿಕೊಂಡ ಬೆರಳಗಲದ ಚೂರುಗಳು
ಹೋಟೆಲಿನ ಬಿಳಿ ತಟ್ಟೆಗಳ ಸಂದಿಯಲ್ಲಿ
ಟಿಕೆಟ್ಟಿಲ್ಲದೆ ಭಟ್ಟಿಗೆ ಹೋಗಿ ಬಂದವು.

ಪ್ರತಿ ಗುರುವಾರ ಬರುತ್ತಾಳೆ.
ಚೂರಿಗೆ ಚೂರು ತಾಗಿಸಿ, ಬಾಗಿಲ ಬೆಳಕಿಗೆ ಒಯ್ದು
"ಇದು ಇವತ್ತಿನ ಹಳದಿ," ಅನ್ನುತ್ತಾಳೆ.
ನಿನ್ನೆಯದು ಯಾವ ಪೊಟ್ಟಣದಲ್ಲಿ ಸಿಗುತ್ತದೆ, ಬಾಯಿ?
ಮಾವ ಮಡಗಾಂವಿನಿಂದ ಹೊತ್ತು ತಂದದ್ದಂತೆ.
ಕೂತು ಚುಟ್ಟಾ ಸೇದುತ್ತಿದ್ದುದು ಒಡೆದ ಬಿಲ್ಲೆಯ ಮೇಲೇ.
ಅವನನ್ನು ಕಂಡರೆ ತನಗೆ ಆಗುತ್ತಿರಲಿಲ್ಲವೆಂದೂ ಹೇಳಿದಳು,
ಹನ್ನೊಂದನೇ ಚೂರಿನ ಹೊತ್ತಿಗೆ.

ಗಣಿಯ ಲಾರಿಗಳು ಮತ್ತೆ ಓಡತೊಡಗಿದ ವಾರ ಅದು.
ಅದಿರಿನ ಧೂಳು ಟಾರ್ಪಾಲಿನಡಿಯಿಂದ ನುಸುಳಿ
ಒಣಹಾಕಿದ ಬಂಗಡೆಗೆ, ಶಾಲೆಯ ಗೋಡೆಗೆ,
ಮೊದಲೇ ಕೆಂಪಗಿದ್ದ ಅಂಚೆ ಡಬ್ಬಿಗೂ
ಬಿಡದೆ ಕೆಂಪು ಬಳಿಯಿತು.
ನಾನು ಬಕೆಟ್ಟಿನ ಮುಚ್ಚಳ ಮರೆತಿದ್ದೆ.
ಜರಡಿ ಕಿಟಕಿಯಲ್ಲಿತ್ತು, ತೊಳೆದಿರಲಿಲ್ಲ;
ಹಿಂದಿನ ದಿನ ಅದರಲ್ಲೇ ಊರ ಕೆಮ್ಮಣ್ಣು ಸೋಸಿದ್ದೆ.
ಯಾವುದರ ತಪ್ಪೋ,
ಹದಿನಾಲ್ಕನೆಯದು ಭಟ್ಟಿಯಿಂದ ಬಂದಾಗ
ತುಸು ಮಂಕು. ಅಂಚಿನಲ್ಲಿ ಜೇನು.
ನಡುವೆ ಸಾಸಿವೆಗಿಂತ ಸಣ್ಣ ಎರಡು ಕಂದು ಚುಕ್ಕೆ.
ಎಸೆಯಲೆಂದು ಬದಿಗಿಟ್ಟೆ.

ಆಕೆ ಅದನ್ನೇ ಎತ್ತಿಕೊಂಡಳು.
ಬಾಗಿಲಿಗೆ ಒಯ್ಯಲಿಲ್ಲ.
ಹೆಬ್ಬೆರಳಿನಿಂದ ಒಮ್ಮೆ ಸವರಿ
ಒಂದು ಕೆಟ್ಟ ಬೈಗುಳ ಬೈದಳು, ಮೆಲ್ಲಗೆ,
ಮಾವನಿಗೆ.

ಇನ್ನು ಬಿಲ್ಲೆ ಮಾಡಬೇಕು. ನೋಟುಬುಕ್ಕು ತೆಗೆದೆ.
ಸ್ಟೇನ್: ಆರು. ಜಿರ್ಕಾನ್: ಎರಡು.
ಲಾರಿ: ಎಣಿಸಿಲ್ಲ.
ಕಿಟಕಿ: ತೆರೆದಿತ್ತು.