ಷರಾ

ಊರಿನ ಹೆಸರು ಹಲ್. ಅವ್ವನಿಗೆ ಫೋನಿನಲ್ಲಿ ಹೇಳಿದಾಗ
ಹಲ್ಲಿನ್ಯಾಗ ಏನ್ ಕೆಲಸವಾ, ಅಂದಿದ್ದಳು.
ದಾಖಲೆಮನೆಯ ನೆಲಮಾಳಿಗೆ, ಹದಿನೆಂಟು ಡಿಗ್ರಿ, ಬೇಸಿಗೆಗೂ ಚಳಿಗೂ.
ಬಿಳಿ ಕೈಗವಸು ತೊಟ್ಟು
ನೆಗೆಟಿವ್‌ಗಳನ್ನು ಬೆಳಕಿನ ಮೇಜಿನ ಮೇಲೆ ಹಾಸುತ್ತೇನೆ:
ಕರಿಯ ಹಿಮ, ಬೆಳ್ಳಗಾದ ನೆರಳು,
ಹಲ್ಲೆಲ್ಲ ಕಪ್ಪಾಗಿ ನಗುವ ಒಬ್ಬ ಮುದುಕ.

ಮಂಗಳವಾರ ಮಂಗಳವಾರ ಡೋರೀನ್ ಬ್ಲೆಂಕಿನ್ ಬರುತ್ತಾಳೆ.
ಎಪ್ಪತ್ತೈದು. ಸೊಂಟದಲ್ಲಿ ಸ್ಟೀಲಿನ ಕೀಲು.
ಚಿತ್ರಗಳು ಅವಳವು. ಯುದ್ಧದವಲ್ಲ.
"ಯುದ್ಧಕ್ಕೆ ಹೋದವರು ಬೇರೆ, ಅವರ ಕಾಲು ಚುರುಕು.
ನಾನು ಹೋಗಿದ್ದು ಆಮೇಲೆ,
ಹೋಟೆಲಿನ ರೂಮು ಅಗ್ಗವಾದ ಮೇಲೆ."

ಬೋಸ್ನಿಯಾ, ತೊಂಬತ್ತಾರು.
ಗೋಡೆಯಿಲ್ಲದ ಅಡುಗೆಮನೆಯಲ್ಲಿ ಒಲೆ ಒರೆಸುವ ಹೆಂಗಸು.
ಶೆಲ್ಲು ತೂರಿದ ಕಿಂಡಿಗೆ ಸ್ನಾನದ ಟವೆಲ್ಲು.
ಬೀಗದ ಕೈ ಹಿಡಿದು ನಿಂತವನು; ಅವನ ಮನೆ ಚಿತ್ರದಲ್ಲಿಲ್ಲ,
ಚಿತ್ರದ ಹೊರಗೂ ಇಲ್ಲ.

ನನ್ನ ಪಟ್ಟಿಯಲ್ಲಿ ಕಲಮುಗಳಿವೆ. ಸ್ಥಳ, ತಾರೀಖು, ಹೆಸರು, ಸ್ಥಿತಿ,
ಸ್ಥಿತಿ ಅಂದರೆ ನೆಗೆಟಿವಿನದು, ಮನುಷ್ಯರದಲ್ಲ.
ಅವಳ ಎಣ್ಣೆ ಹತ್ತಿದ ನೋಟ್‌ಬುಕ್ಕಿನಲ್ಲಿ ತಾರೀಖೇ ಇಲ್ಲ.
ಇರುವುದು ಹೀಗೆ:
ಏಳು. ಹಸೀಬಾ. ಈರುಳ್ಳಿ, ನಿನ್ನೆಯ ಬ್ರೆಡ್ಡು.
ಎಂಟು. ಅವಳ ಮಗ. ಏನೂ ಇಲ್ಲ ಅಂದ. ಜೇಬಲ್ಲಿ ಸಕ್ಕರೆ ಇತ್ತು.
ಹದಿಮೂರು. ಶಾಲೆಯ ಮೇಷ್ಟ್ರು. ತುರಿಕೆಸೊಪ್ಪಿನ ಸಾರು. ಚೆನ್ನಾಗಿತ್ತಂತೆ.

ಇದೇನು, ಅಂದೆ.
"ಏನೇನು ಕಳಕೊಂಡಿರಿ ಅಂತ ಎಲ್ಲರೂ ಕೇಳಿ ಹೋಗಿದ್ದರು.
ನನಗೆ ಕೇಳಲಿಕ್ಕೆ ಉಳಿದಿದ್ದು ಇದೊಂದೇ."

ಗದಗಿನ ಕಡೆ ನಾವು ಬಸ್‌ಸ್ಟ್ಯಾಂಡಿನಲ್ಲಿ,
ಮದುವೆಯಲ್ಲಿ, ಮಣ್ಣು ಕೊಟ್ಟು ಬಂದ ಮನೆಯಲ್ಲಿ,
ಜಗಳವಾಡಿ ಮಾತು ಬಿಟ್ಟವರಿಗೂ ಬಾಯಿ ತಪ್ಪಿ ಕೇಳಿಬಿಡುತ್ತೇವೆ,
ಊಟ ಆತೇನ್ರಿ?
ಅವಳಿಗೆ ಹೇಳಿದೆ. ಎರಡು ಸಲ ನನ್ನಿಂದ ಹೇಳಿಸಿದಳು.
ಮೂರನೇ ಸಲ ತಾನೇ ಅಂದಳು,
ಯಾರ್ಕ್‌ಷೈರಿನ ದಪ್ಪ ನಾಲಿಗೆಯಲ್ಲಿ 'ಟ' ಮೆತ್ತಗಾಗಿ.

ಮಧ್ಯಾಹ್ನ ಹೊರಗೆ ಬೆಂಚಿನ ಮೇಲೆ ಚಿಪ್ಸು,
ಮೇಲೆ ಈ ಊರಿನದೇ ಆದ ಕೆಂಪು ಖಾರದ ಉಪ್ಪು.
ಕೇಳದೆ ಹೇಳಿದಳು:
ನಲವತ್ತೊಂದು, ಮೇ ತಿಂಗಳು, ನನಗೆ ಏಳು.
ಪಕ್ಕದ ಮನೆ ಸೀಳಿ ಅರ್ಧ ನಿಂತಿತ್ತು,
ಮಹಡಿಯಲ್ಲಿ ಹೂವಿನ ಗೋಡೆಕಾಗದ, ಮೊಳೆಗೆ ಒಂದು ಕೋಟು,
ಗಾಳಿ ಬಂದಾಗೆಲ್ಲ ತೋಳು ಆಡಿಸುತ್ತಿತ್ತು.
ಪೇಪರಿನವರು ಊರಿನ ಹೆಸರು ಹಾಕಲಿಲ್ಲ, ಗೊತ್ತಾ,
ಈಶಾನ್ಯ ಕರಾವಳಿಯ ಒಂದು ಪಟ್ಟಣ, ಅಷ್ಟೇ.
ಕೋಟು ನಾಲ್ಕು ದಿನ ಇತ್ತು.
ಯಾರೂ ಚಿತ್ರ ತೆಗೆಯಲಿಲ್ಲ.

ಅವತ್ತು ಏನು ತಿಂದಿದ್ದಿರಿ, ಅಂದೆ.

ಕಡಲಹಕ್ಕಿಯೊಂದು ಚಿಪ್ಸಿಗೆ ಹೊಂಚು ಹಾಕಿ ಸುತ್ತುತ್ತಿತ್ತು.
ಅವಳು ಪೊಟ್ಟಣದ ಕಾಗದ ಮಡಚಿದಳು, ಮತ್ತೆ ಮಡಚಿದಳು,
ಇನ್ನು ಮಡಚಲಾಗದಷ್ಟು.
"ನೆನಪಿಲ್ಲ. ನೋಡು, ಅದೊಂದೇ ನೆನಪಿಲ್ಲ."

ಇವತ್ತು ಕೊನೆಯ ಡಬ್ಬಿ.
ಡೋರೀನ್ ಬಂದಿಲ್ಲ, ಹೋದ ಮಂಗಳವಾರವೂ ಬಂದಿರಲಿಲ್ಲ.
ನೆಗಡಿ ಇರಬೇಕು.
ಇಪ್ಪತ್ತೆರಡರ ಮುಂದೆ ಫಿಲ್ಮು ಬರಿದು, ತೊಳೆದಿಟ್ಟ ಗಾಜು.
ನೋಟ್‌ಬುಕ್ಕಿನಲ್ಲಿ ಮಾತ್ರ ಇನ್ನೊಂದು ಸಾಲಿದೆ:
ಇಪ್ಪತ್ಮೂರು. ತೆಗೆಯಲಿಲ್ಲ. ಹಸೀಬಾ ನನಗೂ ಬಡಿಸಿದಳು.
ತಟ್ಟೆ ಸುಡುತ್ತಿತ್ತು, ಎರಡೂ ಕೈ ಬೇಕಾಯಿತು.

ಪಟ್ಟಿಯ ಕಟ್ಟಕಡೆಗೆ ಷರಾ ಅಂತ ಒಂದು ಕಲಮಿದೆ,
ಯಾರೂ ತುಂಬದ್ದು, ತುಂಬಿದರೂ ಯಾರೂ ಓದದ್ದು.
ಕೈಗವಸು ತೆಗೆದಿಟ್ಟು ಕೂರುತ್ತೇನೆ.
ಈರುಳ್ಳಿ, ನಿನ್ನೆಯ ಬ್ರೆಡ್ಡು. ಸಕ್ಕರೆ, ಜೇಬಿನಲ್ಲಿ.
ತುರಿಕೆಸೊಪ್ಪು.
ಬರಿದು ಚೌಕಕ್ಕೂ ಒಂದು ನಂಬರು ಕೊಡುತ್ತೇನೆ.
ಸ್ಥಳ: ಹಸೀಬಾಳ ಅಡುಗೆಮನೆ.
ತಾರೀಖು: ತಿಳಿಯದು.
ಚಿತ್ರ: ಇಲ್ಲ.
ಸ್ಥಿತಿ: ಚೆನ್ನಾಗಿದೆ.